ಬಾವಿಯ ಕಲ್ಲೂ ಕಡಲ ಮಾರ್ದನಿಯೂ

ಕುಲಗೋಡದಂಥ ನಮ್ಮ ಒಳನಾಡಿನ ಊರುಗಳಲ್ಲಿ ಹುಡುಗರು ಹಾಳುಬಾವಿಯೊಳಗೆ ಕಲ್ಲೊಗೆದು ಕಿವಿಗೊಟ್ಟು ನಿಲ್ಲುವುದುಂಟು. ಸದ್ದು ಬೇಗ ಕೇಳಿಸಿದರೆ ನೀರು ಮೇಲಿದೆ, ತಡವಾದರೆ ಆಳದಲ್ಲಿದೆ. ಕಣ್ಣಿಗೆ ಕಾಣದುದನ್ನು ಕಾಲದಿಂದ ಅಳೆಯುವ ಈ ಆಟದ ತತ್ತ್ವವೇ ಕಡಲಿನಲ್ಲಿ ಮೀನಿನ ಹಿಂಡನ್ನು ಹುಡುಕುವ ಯಂತ್ರದಲ್ಲಿಯೂ ಇದೆಯೆಂದರೆ ವಾಚಕರಿಗೆ ಸೋಜಿಗವೆನಿಸೀತು.

ಯಂತ್ರ ಬರುವ ಮೊದಲು ಮೀನಿನ ನೆಲೆಯನ್ನು ಬಲ್ಲವರು ಇರಲಿಲ್ಲವೆ? ಇದ್ದರು. ನಮ್ಮ ಕೂಂಡಿ ನಾಡನ್ನಾಳಿದ ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರಷ್ಟೆ. ಆ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರ ಮತ್ಸ್ಯವಿನೋದ ಪ್ರಕರಣದಲ್ಲಿ ಹೊಳೆಯ ಮೀನು, ಕಡಲ ಮೀನುಗಳ ಹೆಸರುಗಳೂ ಅವಕ್ಕೆ ಒಗ್ಗುವ ತಿನಿಸೂ ಗಾಳ ಹಾಕುವ ಬಗೆಯೂ ಬಂದಿವೆ. ಇತ್ತ ಕರಾವಳಿಯಲ್ಲಿ ರಾಂಪಣಿ ಬಲೆಯವರು ನೀರಿನ ಬಣ್ಣ ಬದಲಾದುದನ್ನೂ ಹಕ್ಕಿಗಳು ಎರಗಿದುದನ್ನೂ ನೋಡಿಯೇ ಬಂಗುಡೆ, ತಾರ್ಲಿಗಳ ಹಿಂಡನ್ನು ಗುರುತಿಸುತ್ತಿದ್ದರು.

ಆದರೆ ಕಣ್ಣಿಗೊಂದು ಮಿತಿಯುಂಟು. ಮಳೆಗಾಲದ ಘಟಪ್ರಭೆಯ ಕೆನ್ನೀರಿನಲ್ಲಿ ಮೊಣಕಾಲಾಳದ ಕಲ್ಲೂ ಕಾಣದು. ನಮ್ಮ ಮನೆಗಳಿಗೆ ಹಾಡು ತರುವ ರೇಡಿಯೋ ಅಲೆಗಳೂ ನೀರಿನೊಳಗೆ ಬಹುದೂರ ಸಾಗಲಾರವು. ಸಾಗಬಲ್ಲದು ಶಬ್ದವೊಂದೇ. 1826ರಲ್ಲಿ ಕೊಲ್ಲಾಡೋನ್ ಎಂಬ ವಿಜ್ಞಾನಿ ಜಿನೀವಾ ಸರೋವರದಲ್ಲಿ ನೀರಿನೊಳಗೆ ಗಂಟೆ ಬಾರಿಸಿ, ಆ ಶಬ್ದವನ್ನು ದೂರದ ದೋಣಿಯಿಂದ ಕೇಳುವ ಪ್ರಯೋಗ ನಡೆಸಿದನು. ಅದರ ವೇಗ ಸೆಕೆಂಡಿಗೆ ಸುಮಾರು 1,435 ಮೀಟರು, ಎಂದರೆ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲು ಎಂದು ಗೊತ್ತಾಯಿತು.

1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ತಾಗಿ ಮುಳುಗಿದ ಮೇಲೆ ಈ ವಿದ್ಯೆಗೆ ಚುರುಕು ಬಂದಿತು. 1914ರಲ್ಲಿ ಫೆಸೆಂಡನ್ ಹಿಮಗಡ್ಡೆಯಿಂದ ಮರಳಿದ ಮಾರ್ದನಿಯನ್ನು ಆಲಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಲಾಂಜೆವ್ಯಾನನು ಜಲಾಂತರ್ಗಾಮಿಗಳನ್ನು ಕಂಡುಹಿಡಿಯಲು ಇದನ್ನೇ ಬೆಳೆಸಿದನು. ಯುದ್ಧಕ್ಕೆಂದು ಬೆಳೆದ ವಿದ್ಯೆ ಕೊನೆಗೆ ಬೆಸ್ತನ ದೋಣಿಯನ್ನೇರಿತು. 1948ರಲ್ಲಿ ಜಪಾನಿನ ಫುರುನೊ ಸಹೋದರರು ಮೀನು ಹುಡುಕುವ ಯಂತ್ರವನ್ನು ಮಾರಾಟಕ್ಕೆ ತಂದರು.

ಹಳೆಯ ಯಂತ್ರಗಳ ಕೆಲಸ ಸರಳ. ದೋಣಿಯ ಅಡಿಯಿಂದ ಕಿರುಶಬ್ದವೊಂದು ಕೆಳಗಿಳಿಯುವುದು. ತಳ 30 ಮೀಟರು ಆಳದಲ್ಲಿದ್ದರೆ ಅದು ಹೋಗಿ ಬರಲು ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ ಸಾಕು. ಉರುಳುವ ಕಾಗದದ ಮೇಲೆ ಲೇಖನಿಯೊಂದು ತಳದ ಗೆರೆಯನ್ನು ಬರೆಯುವುದು. ಅದರ ಮೇಲೆ ಚುಕ್ಕೆಗಳು ಮೂಡಿದರೆ ನಡುವೆ ಮೀನಿರಬಹುದು. ಅನೇಕ ಮೀನುಗಳ ಹೊಟ್ಟೆಯಲ್ಲಿರುವ ಗಾಳಿಚೀಲವೇ ಶಬ್ದವನ್ನು ಬಲವಾಗಿ ಹಿಂದಿರುಗಿಸುತ್ತದೆ.

‘ಇರಬಹುದು’ ಎಂದೆನಷ್ಟೆ. ಗಾಳಿಗುಳ್ಳೆ, ನೀರಗಿಡಗಳೂ ಅಂಥದೇ ಗುರುತನ್ನು ಮೂಡಿಸುತ್ತವೆ. ಅಕ್ಷರ ಬಂದ ಮಾತ್ರಕ್ಕೆ ಕಾವ್ಯದ ಅರ್ಥವಾಗುವುದಿಲ್ಲ. ಹಾಗೆಯೇ ನೀರನ್ನು ಬಲ್ಲವನಿಗೆ ಮಾತ್ರ ಆ ಕಾಗದದ ಮರ್ಮ ತಿಳಿಯುವುದು. ಹೀಗಾಗಿ ಯಂತ್ರವು ಹಳೆಯ ಅರಿವನ್ನು ಅಳಿಸಲಿಲ್ಲ, ಅದರ ನೆರವನ್ನೇ ಬೇಡಿತು.

ಆದರೆ ಇದರಲ್ಲಿ ಇನ್ನೊಂದು ಮುಖವೂ ಉಂಟು. 1970ರ ದಶಕದ ನಡುವೆ ನಮ್ಮ ಕರಾವಳಿಗೆ ಪರ್ಸ್‌ಸೀನ್ ಬಲೆ ಬಂದಿತು. ಊರವರು ಕೂಡಿ ದಡದಿಂದ ಎಳೆಯುತ್ತಿದ್ದ ರಾಂಪಣಿ ಬೇಗನೆ ಹಿಂದೆ ಸರಿಯಿತು. ಹೊಸ ದೋಣಿಯವರು ಮೊದಮೊದಲು ಕಣ್ಣಿನಿಂದಲೇ ಹಿಂಡನ್ನು ಹುಡುಕುತ್ತಿದ್ದರು. ಬರಬರುತ್ತ ಮಾರ್ದನಿಯ ಯಂತ್ರವೂ ಜೊತೆಗೂಡಿತು. ದೊಡ್ಡ ಬಲೆಗೆ ಚುರುಕು ಕಿವಿಯೂ ದೊರೆತ ಮೇಲೆ ಮೀನಿಗೆ ಅಡಗಲು ತಾವೆಲ್ಲಿ?

ಮೀನು ಎಲ್ಲಿದೆಯೆಂದು ಯಂತ್ರ ಹೇಳೀತು; ಎಷ್ಟನ್ನು ಬಿಡಬೇಕೆಂದು ಹೇಳದು. ಅದನ್ನು ಹೇಳಲು ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರಿಕ ಮೀನುಗಾರಿಕೆಯನ್ನು ತಡೆಯುವ ಕಟ್ಟಳೆಯೇ ಬೇಕಾಯಿತು. ಬಾವಿಗೆ ಕಲ್ಲೊಗೆದ ಹುಡುಗನಿಗೆ ನೀರಿನ ಆಳ ತಿಳಿಯುವುದು. ಕೊಡವೆಷ್ಟು ತುಂಬಬೇಕೆಂಬುದನ್ನು ಮನೆಯ ಹಿರಿಯರೇ ಕಲಿಸಬೇಕು.