ಹೆದಿ ಇಲ್ಲದ ಬಿಲ್ಲು

ಖಂಡೆನವಮಿ ಬಂತಂದ್ರ ನಮ್ಮ ಕಡೆ ಅಟ್ಟದ ಮ್ಯಾಲಿಂದ ಏನೇನೋ ಕೆಳಗ ಇಳೀತಾವ. ಕುಡಗೋಲು, ಕೊಡ್ಲಿ, ತಕ್ಕಡಿ, ಹೊಲಿಗಿ ಮಷಿನ್ನು. ಕೆಲವೊಬ್ರ ಮನ್ಯಾಗ ಒಂದು ಹಳೆ ಬಿಲ್ಲೂ ಇಳೀತೈತಿ. ಅರಿಷಿಣ ಕುಂಕುಮ ಹಚ್ಚೂವಾಗ ಯಾರರ ಒಬ್ರು ಕೇಳೇ ಕೇಳ್ತಾರ, "ಇದರ ಹೆದಿ ಎಲ್ಲೈತಿ?" ಅಂತ. ಹೆದಿ ಇರೂದಿಲ್ಲ. ಕಟಗಿ, ಕೊಂಬು ನೂರಾರು ವರ್ಷ ಉಳೀತಾವ. ನೂಲು, ರೇಷ್ಮಿ, ನರ ಉಳಿಯೂದಿಲ್ಲ. ಇಲಿ ತಿಂತಾವ, ಇಲ್ಲಂದ್ರ ತಾನ ಜೀರ್ಣ ಆಗಿ ಹೋಗತೈತಿ.

ಇನ್ನೊಂದು ಕಾರಣಾನೂ ಐತಿ. ಬಿಲ್ಲು ಕೆಲಸ ಇಲ್ಲದಾಗ ಹೆದಿ ಇಳಿಸಿ ಇಡೂದ ಪದ್ಧತಿ. ಸದಾ ಬಿಗದ ಇಟ್ರ ಬಿಲ್ಲಿನ ಸೆಟೆತ ಸಾಯತೈತಿ. ದಸರಾದಾಗ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂತೀವಲ್ಲ, ಆ ಬನ್ನಿ ಗಿಡದ ಕತಿ ನೆನಸ್ಕೋರಿ. ವಿರಾಟನ ಊರಿಗೆ ಹೋಗೂ ಮೊದ್ಲ ಪಾಂಡವರು ಆಯುಧ ಮುಚ್ಚಿಟ್ರು. ಬರೇ ಮುಚ್ಚಿಡಲಿಲ್ಲ, ಮೊದ್ಲ ಬಿಲ್ಲಿನ ಹೆದಿ ಸಡ್ಲ ಮಾಡಿದ್ರು. ಆಮ್ಯಾಲ ನಕುಲ ಗಿಡಾ ಹತ್ತಿ ಕಟ್ಟಿದ. ಯಾರೂ ಹತ್ತಿರ ಬರಬಾರ್ದಂತ ಒಂದು ಹೆಣಾನೂ ಕಟ್ಟಿದ್ರು. ಹೆಣದ ಮಾತು ಎಲ್ಲಾರಿಗೂ ನೆನಪ ಇರತೈತಿ, ಹೆದಿ ಇಳಿಸಿದ್ದು ಯಾರಿಗೂ ನೆನಪಿಲ್ಲ. ನನಗ ಮಾತ್ರ ಮನಿ ಜೋಪಾನ ಮಾಡೂ ಹೆಂಗಸಿನ ಕಣ್ಣಿಗೆ ಅದ ದೊಡ್ಡದಾಗಿ ಕಾಣತೈತಿ.

ಸ್ವಯಂವರದಾಗೂ ಅಷ್ಟ ನೋಡ್ರಿ. ಸೀತಾದೇವಿದಿರಲಿ, ದ್ರೌಪದೀದಿರಲಿ, ರಾಜಗೋಳು ಸೋತದ್ದು ಗುರಿ ತಪ್ಪಿ ಅಲ್ಲ, ಬಹಳ ಮಂದಿಗೆ ಹೆದಿ ಏರ್ಸಾಕ ಆಗಲಿಲ್ಲ. ರಾಮ ಏರಿಸಿ ಎಳದ, ಬಿಲ್ಲ ಮುರೀತು. ಆತಗ ಹೆಂಡತಿ ಸಿಕ್ಳು. ನಮ್ಮ ಮನಿ ಹುಡುಗುರು ಮುರದ್ರ ಬೈಗಳ ಸಿಗತಾವ, ಕೈಗೆ ಕಣ್ಣಿಗೆ ಪೆಟ್ಟೂ ಸಿಗತೈತಿ.

ಪೆಟ್ಟಿನ ಮಾತು ಸುಮ್ಮಕ ಹೇಳಿಲ್ಲ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗ ಅಂತ ಹೆಸರು. ಶೃಂಗ ಅಂದ್ರ ಕೊಂಬು, ಅದರಿಂದ ಶಾರ್ಙ್ಗ, ಕೊಂಬಿನ ಬಿಲ್ಲು. ನಮ್ಮ ಹುಕ್ಕೇರಿಯೊಳಗ ಆದಿಲಶಾಹಿ ಕಾಲದ ಗುಮ್ಮಟ ಅದಾವಲ್ಲ, ಆ ಕಾಲದ ಕುದುರಿ ಸವಾರರ ಕೈಯಾಗ ಇರತಿದ್ದದ್ದೂ ಇಂಥಾ ಬಿಲ್ಲ. ನಡುವ ಕಟಗಿ, ಬಿಲ್ಗಾರನ ಕಡಿಗೆ ಎಮ್ಮಿ ಕೊಂಬು, ಹೊರಗಿನ ಕಡಿಗೆ ಪ್ರಾಣಿ ನರ, ಎಲ್ಲಾ ಕೂಡಸಾಕ ತೊಗಲು ಕುದಿಸಿದ ಅಂಟು. ಹೆದಿ ಇಳಿಸಿದ್ರ ಇದು ನೆಟ್ಟಗ ನಿಲ್ಲೂದಿಲ್ಲ, ಉಲ್ಟಾ ಹೊಳ್ಳಿ ಬಳಿ ಹಂಗ ದುಂಡಗ ಆಗತೈತಿ. ಗೊತ್ತಿಲ್ಲದವರು ಅದು ಹೊಳ್ಳಿದ ಕಡಿಗೇ ಇನ್ನಷ್ಟು ಬಗ್ಗಿಸಿ ದಾರ ಕಟ್ಟಾಕ ಹೋಗ್ತಾರ. ನಿಜವಾಗಿ ಅದನ್ನ ವಿರುದ್ಧ ದಿಕ್ಕಿಗೆ ಬಗ್ಗಿಸಬೇಕು. ಅಂಥಾ ಬಿಲ್ಲು ನಿಮ್ಮಲ್ಲಿದ್ರ ಹೆದಿ ಏರ್ಸೂದ ಬ್ಯಾಡ್ರಿ. ಹಳೆ ಅಂಟು ಮಳಿಗಾಲದ ತಂಪಿಗೆ ಬಿಟ್ಟಿರತೈತಿ. ಈ ಕಾಟಕ್ಕ ಹಿಂದುಸ್ತಾನದಾಗ ಉಕ್ಕಿನ ಬಿಲ್ಲು ಸೈತ ಮಾಡಿದ್ರು, ಕೋಠಿಯೊಳಗ ಇಟ್ರೂ ಕೆಡಬಾರ್ದಂತ.

ಇಂದಿನ ರಿಕರ್ವ್ ಬಿಲ್ಲು ಅದರ ಮೊಮ್ಮಗಳಿದ್ದಂಗ. ತುದಿ ಮುಂದಕ ಹೊಳ್ಳಿರತಾವ. ಕೊಂಬು, ನರ ಹೋಗಿ ಫೈಬರ್ ಗ್ಲಾಸ್ ಬಂದೈತಿ. ಹುಕ್ಕೇರಿಯ ನಮ್ಮ ಸೋದರಮಾವ ಮಿಲಿಟರಿಯಿಂದ ಬರೂವಾಗ ಒಂದು ತಂದಿದ್ರು. ಹೋದ ವರ್ಷ ಗೋಕಾಕದಿಂದ ಬಂದ ಮೊಮ್ಮಗ ಅದಕ್ಕ ಅರಬಿ ಒಣ ಹಾಕೂ ನೈಲಾನ್ ಹಗ್ಗ ಕಟ್ಟತೀನಿ ಅಂತ ಕುಂತ. ಅತ್ತಿ ನನಗ ಫೋನ್ ಮಾಡಿದ್ರು. "ಹಗ್ಗ ಕಸ್ಗೋರಿ, ಇಂಚುಪಟ್ಟಿ ಕೊಡ್ರಿ" ಅಂದೆ.

ಅಳೆಯೂದು ಬ್ಲೌಜಿನ ತೋಳ ಸುತ್ತಳತಿ ಹಂಗ, ಟೇಪು ಡೊಂಕಿನ ಸಂಗಟ ಹೋಗಬೇಕು. ಹೆದಿ ಇಲ್ಲದ ಬಿಲ್ಲಿನ ಹೊರಮೈ ಮ್ಯಾಲ, ಒಂದು ತುದಿಯ ಕಚ್ಚಿನಿಂದ ಇನ್ನೊಂದು ತುದಿಯ ಕಚ್ಚಿನ ತನಕ. ಮಾವನ ಬಿಲ್ಲು 66 ಇಂಚು ಬಂತು. ಕೆಳಗಿನ ತೋಳಿನ ಮ್ಯಾಲ ಮಾಸಿದ ಅಕ್ಷರ ಇದ್ದೂವು. ಕಂಪನಿ ಹೆಸರು ಅಳಿಸಿತ್ತು, ಆದ್ರ 66, 40, 28 ಅಂತ ಕಂಡೂವು. 66 ಬಿಲ್ಲಿನ ಉದ್ದ. 28 ಇಂಚು ಎಳದಾಗ 40 ಪೌಂಡ್ ಭಾರ. ಒಂದಿಂಚು ಕಡಿಮಿ ಎಳದ್ರ ಸುಮಾರು ಎರಡು ಪೌಂಡ್ ಕಡಿಮಿ. ಹುಡುಗ 26ರ ತನಕ ಅಷ್ಟ ಎಳೀತಾನ, ಹಿಂಗಾಗಿ ಅವಂಗ ಅದು 36ರ ಆಸುಪಾಸು.

ರಿಕರ್ವ್ ಬಿಲ್ಲಿಗೆ ಹೆದಿ ಸಾಮಾನ್ಯವಾಗಿ ನಾಲ್ಕಿಂಚು ಕಡಿಮಿ ಬೇಕು, ಅಂದ್ರ 62. ತುದಿ ಹೊಳ್ಳದ ಉದ್ದನ ಬಿಲ್ಲಿಗಾದ್ರ ಮೂರಿಂಚು ಕಡಿಮಿ. ಅಂಗಡ್ಯಾಗ ಕೇಳೂವಾಗ ಹುಷಾರಿರ್ರಿ. "66ರ ಹೆದಿ" ಅಂದ್ರ 66ರ ಬಿಲ್ಲಿಗೆ ಹೊಂದೂ ಹೆದಿ ಅಂತ ಅರ್ಥ ಇರತೈತಿ, ಹೆದೀನ 66 ಅಲ್ಲ. ಡಾಕ್ರಾನ್ ನೂಲಿಂದ ಕೇಳ್ರಿ, ಅದು ಚೂರು ಹಿಗ್ಗತೈತಿ. ಈಗಿನ ಹಿಗ್ಗದ ನೂಲು ಹಾಕಿದ್ರ ಹಳೆ ಬಿಲ್ಲಿನ ತುದಿ ಸೀಳತಾವ. ಏರಿಸಿದ ಮ್ಯಾಲ ಹಿಡಿಕಿಯ ತಗ್ಗಿನಿಂದ ಹೆದಿ ತನಕ ಅಳೀರಿ. ಇಷ್ಟುದ್ದದ ಬಿಲ್ಲಿಗೆ 7½ರಿಂದ 8½ ಇಂಚು ಇದ್ರ ಸರಿ. ಕಡಿಮಿ ಬಂದ್ರ ಹೆದಿ ಇಳಿಸಿ ಇನ್ನಷ್ಟು ಹುರಿ ಹಾಕ್ರಿ, ಗಿಡ್ಡ ಆಗತೈತಿ. ಮಾವನ ಬಿಲ್ಲು ಎಂಟಕ್ಕ ನಿಂತಿತು. ಅದಕೂ ಮೊದ್ಲ ಬಿರುಕು, ತಿರುಚು ಐತೇನು ನೋಡಿದ್ವಿ. ಏರ್ಸಾಕ ಕಾಲಾಗ ಸಿಗಿಸಿ ಬಗ್ಗಿಸಲಿಲ್ಲ, ಅದಕಂತಲೇ ಬರೂ ಹಗ್ಗ ತರಿಸಿದ್ವಿ. ಬಾಣ ಇಲ್ಲದ ಎಳದು ಬಿಡೂದಂತೂ ಕಟ್ಟುನಿಟ್ಟಾಗಿ ಬಂದ್.

ಹಿಂದಿನವರಿಗೆ ಟೇಪು ಬೇಕಿದ್ದಿಲ್ಲ. ಅಗ್ನಿಪುರಾಣದಾಗ ನಾಲ್ಕು ಮೊಳದ ಬಿಲ್ಲು ಉತ್ತಮ, ಮೂರೂವರಿ ಮಧ್ಯಮ, ಮೂರು ಕನಿಷ್ಠ ಅಂತೈತಿ. ನಾವು ಮಲ್ಲಿಗಿ ಮಾಲಿ ಕೊಳ್ಳೂ ಮೊಳಾನ ಅದು. ನಾಲ್ಕು ಮೊಳ ಅಂದ್ರ 72 ಇಂಚು. ಇವತ್ತಿನ ಒಲಿಂಪಿಕ್ ಬಿಲ್ಲು 66, 68, 70. ಬಹಳೇನ ದೂರ ಹೋಗಿಲ್ಲ.

ಈ ಮೊಳದ ಲೆಕ್ಕ ಬಲ್ಲವರು ನಮ್ಮ ಸೀಮಿಯೊಳಗ ಬೇಡರು. 1954ರ ಸಿನಿಮಾದಾಗ ರಾಜಕುಮಾರ ಬೇಡರ ಕಣ್ಣಪ್ಪ ಆಗಿ ಬಂದಾಗ ನಮ್ಮ ಅಜ್ಜಿಗೋಳು ಅತ್ತಿದ್ರಂತ. ನಿಜವಾದ ಅಳುವ ಕತಿ ಇಲ್ಲೇ ಮುಧೋಳ ಸೀಮಿಯ ಹಲಗಲಿಯೊಳಗ ಐತಿ. ಮಕ್ಕಳ ಹತ್ತನೇತ್ತೆ ಪುಸ್ತಕದಾಗ ಲಾವಣಿ ಓದಿಸೀರಿ. 1857ರಾಗ ಸರಕಾರ ಆಯುಧ ಒಪ್ಪಿಸ್ರಿ ಅಂತ ಕಾಯ್ದೆ ತಂತು. ಹಲಗಲಿ ಬೇಡರು ಕೊಡೂದಿಲ್ಲ ಅಂದ್ರು. ನವೆಂಬರ್ ಕೊನಿಗೆ ದಂಡು ಬಂದು ಊರು ಸುಟ್ಟಿತು. ಡಿಸೆಂಬರದಾಗ 19 ಮಂದಿಗೆ ಗಲ್ಲು, ಮುಧೋಳದಾಗ 13, ಹಲಗಲಿಯೊಳಗ 6. ಅಲ್ಲಿ ಕಸಗೊಂಡದ್ದು ಬಿಲ್ಲ ಅಂತ ನಾ ಹೇಳೂದಿಲ್ಲ, ಅಷ್ಟೊತ್ತಿಗೆ ಬಂದೂಕು ಬಂದಾಗಿತ್ತು. ಆದ್ರ 1878ರ ಆಯುಧ ಕಾಯ್ದೆ ತಗದು ನೋಡ್ರಿ. ಆಯುಧ ಅಂದ್ರ ಏನಂತ ಹೇಳೂವಾಗ ಬಂದೂಕು, ಕತ್ತಿ, ಭರ್ಚಿ ಸಂಗಟ ಬಿಲ್ಲು ಬಾಣದ ಹೆಸರೂ ಹಾಕ್ಯಾರ. 1959ರ ಹೊಸ ಕಾಯ್ದೆ 1962ರಾಗ ಜಾರಿಗೆ ಬರೂ ತನಕ ಅದ ನಡೀತು. 84 ವರ್ಷ. ಹೆದಿ ಹೊಸೆಯೂ ಕೈ ಮೂರು ತಲಿ ಸುಮ್ಮನ ಕುಂತ್ರ ಕಲಿಸೂದೇನು ಉಳೀತೈತಿ, ನೀವ ಹೇಳ್ರಿ.

ಮೂಡಲಗಿ, ಗೋಕಾಕ ಕಡೆ ಯಾರ ಅಟ್ಟದ ಮ್ಯಾಲಾದ್ರೂ ಹಳೆ ಹೆದಿ ಸಮೇತ ಬಿಲ್ಲು ಸಿಕ್ರ, ಹೆದಿ ಹರಕ ಐತಂತ ಒಲಿಗೆ ಹಾಕಬ್ಯಾಡ್ರಿ ವೈನಿ. ಉದ್ದ ಎಷ್ಟು, ಎಷ್ಟು ಎಳಿ, ಗಂಟು ಹೆಂಗ ಹಾಕ್ಯಾರ, ಇಷ್ಟು ಬರದು ಒಂದು ಫೋಟೋ ಕಳಸ್ರಿ.