ಸೆಕೆಂಡ್ ಹ್ಯಾಂಡ್ ಸ್ಕೋಪ್ ಮತ್ತು 1915ರ ಕಂದಕಗಳು

ದೂರದ ಗುರಿಗೆ ಹೊಡೆಯೋ ರೈಫಲ್ ಸ್ಕೋಪನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳೋರು ಮೊದಲು ನೋಡೋದು ಗಾಜು ಎಷ್ಟು ಸ್ವಚ್ಛವಾಗಿದೆ ಅಂತ. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಅದನ್ನು ಕಲಿಸಿದ್ದು ಮೊದಲ ಮಹಾಯುದ್ಧ.

1914ರಲ್ಲಿ ಜರ್ಮನಿಯ ಬೇಟೆಗಾರರ ಮನೆಗಳಲ್ಲಿ ಸ್ಕೋಪ್ ಇದ್ದ ರೈಫಲ್‌ಗಳು ಆಗಲೇ ಇದ್ದವು. ಸೇನೆ ಅವನ್ನೇ ಒಟ್ಟುಮಾಡಿ ಮುಂಚೂಣಿಗೆ ಕಳಿಸಿತು. ಅಂದ್ರೆ, ಸೆಕೆಂಡ್ ಹ್ಯಾಂಡ್ ಮಾಲು! ಹಲವು ರೈಫಲ್‌ಗಳು ಸೇನೆಯ ಹೊಸ ಚೂಪು ಗುಂಡಿಗೆ ಹೊಂದುತ್ತಿರಲಿಲ್ಲ. ಹಾಗಾಗಿ '88ರ ತೋಟಾ ಮಾತ್ರ' ಅನ್ನೋ ಎಚ್ಚರಿಕೆಯ ಪುಟ್ಟ ಲೋಹದ ಫಲಕವನ್ನು ಮರದ ಹಿಡಿಗೆ ಹೊಡೆದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ವರ್ಷನ್ ಕಂಪ್ಯಾಟಿಬಿಲಿಟಿ ನೋಟ್.

ಬ್ರಿಟಿಷರು ಈ ವಿಷಯದಲ್ಲಿ ಹಿಂದಿದ್ದರು. 1915ರಲ್ಲಿ ಹೆಸ್ಕೆತ್-ಪ್ರಿಚರ್ಡ್ ಎಂಬ ಅಧಿಕಾರಿ ತನ್ನ ಸ್ವಂತ ಸ್ಕೋಪ್ ರೈಫಲ್‌ಗಳನ್ನು ಫ್ರಾನ್ಸ್‌ಗೆ ಒಯ್ದ. ಹುಟ್ಟಿದ್ದು 1876ರಲ್ಲಿ, ನಮ್ಮ ಝಾನ್ಸಿಯಲ್ಲಿ. ಬೇಟೆಗಾರ, ಹ್ಯಾಂಪ್‌ಶೈರ್ ತಂಡದ ವೇಗದ ಬೌಲರ್ ಕೂಡ. ಪಡೆಯಿಂದ ಪಡೆಗೆ ಹೋಗಿ ಅಲ್ಲಿದ್ದ ಸ್ಕೋಪ್‌ಗಳನ್ನು ಪರೀಕ್ಷಿಸಿದಾಗ, ಬಹಳಷ್ಟು ಗುರಿ ತಪ್ಪಿದ್ದವು. ತೊಂದರೆ ಇದ್ದದ್ದು ಮಸೂರದಲ್ಲಲ್ಲ. ಕೂರಿಸಿದ ಹಿಡಿಕೆ ಸಡಿಲವಾಗಿತ್ತು, ಸರಿಹೊಂದಿಸೋದನ್ನು ಸೈನಿಕರಿಗೆ ಯಾರೂ ಕಲಿಸಿರಲಿಲ್ಲ. 1916ರಲ್ಲಿ ಆತ ಲಿಂಗೆಮ್ ಎಂಬಲ್ಲಿ ತರಬೇತಿ ಶಾಲೆಯನ್ನೇ ತೆರೆದ.

ಸಡಿಲ ಅಂದ್ರೆ ಎಷ್ಟು? ಲೆಕ್ಕ ಹಾಕೋಣ. ಎರಡು ರಿಂಗ್‌ಗಳ ನಡುವೆ 100 ಮಿಲಿಮೀಟರ್ ಅಂತರ ಅಂತಿಟ್ಟುಕೊಳ್ಳಿ. ಒಂದು ಬರೀ 0.1 ಮಿಲಿಮೀಟರ್ ಸರಿದರೆ ಕೋನ 1 ಮಿಲಿರೇಡಿಯನ್ ಬದಲಾಗುತ್ತೆ. 100 ಮೀಟರ್‌ನಲ್ಲಿ 10 ಸೆಂಟಿಮೀಟರ್, 800 ಮೀಟರ್‌ನಲ್ಲಿ 80 ಸೆಂಟಿಮೀಟರ್ ತಪ್ಪು! ಕಾಗದದ ಹಾಳೆಯಷ್ಟು ದಪ್ಪದ ಅಲುಗಾಟಕ್ಕೆ ಗುಂಡು ಮನುಷ್ಯನ ಅಗಲವನ್ನೇ ದಾಟಿ ಹೋಗುತ್ತೆ.

ಹಾಗಾಗಿ ಹಳೇ ಸ್ಕೋಪ್ ಕೈಗೆ ಬಂದಾಗ ನಾನು ಮೊದಲು ನೋಡೋದು ಕೊಳವೆ ಮೇಲಿನ ರಿಂಗ್ ಗುರುತು. ಆಳವಾದ ಗಾಯವಿದ್ದರೆ ಜಾಸ್ತಿ ಬಿಗಿದಿದ್ದಾರೆ, ಇಲ್ಲಾ ಜಾರಿದೆ. ಆಮೇಲೆ ಗಟ್ಟಿಯಾಗಿ ಕೂರಿಸಿ, ಒಂದು ಚುಕ್ಕೆ ಹಿಡಿದು, ಗುಂಡಿಯನ್ನು ಇಷ್ಟು ಕ್ಲಿಕ್ ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ಅಂತ ಚೌಕ ಸುತ್ತಿಸೋದು. ಅಡ್ಡಗೆರೆ ಮತ್ತದೇ ಚುಕ್ಕೆಗೆ ಬರಬೇಕು. ಬರಲಿಲ್ಲವಾ? ಗಾಜು ಎಷ್ಟೇ ಹೊಳೆಯಲಿ, ವಾಪಸ್ ಕೊಟ್ಟುಬಿಡಿ.

ಸ್ಪಷ್ಟವಾಗಿ ಕಾಣೋದು ಬೇರೆ, ಕಂಡಲ್ಲಿಗೇ ಗುಂಡು ಹೋಗೋದು ಬೇರೆ. ಆ ವ್ಯತ್ಯಾಸಕ್ಕೆ 1915ರಲ್ಲಿ ಬೆಲೆ ಕೊಟ್ಟಿದ್ದು ಸೈನಿಕರ ಪ್ರಾಣ.