ತಾಲ್ಲೂಕಿನಿಂದ ತಾಲ್ಲೂಕಿಗೆ: ಬಿ.ಎಲ್. ರೈಸರ ಬಿಡುವಿನ ಕೆಲಸ

ಕರ್ನಾಟಕದ ಇತಿಹಾಸದ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ‘ಎ.ಕ. 7, ಶಿಕಾರಿಪುರ 120’ ಎಂಬಂಥ ಗುರುತುಗಳನ್ನು ನೀವು ನೋಡಿರಬಹುದು. ‘ಎ.ಕ.’ ಎಂದರೆ ಎಪಿಗ್ರಾಫಿಯ ಕರ್ನಾಟಿಕ. ಏಳನೆಯ ಸಂಪುಟ, ಶಿಕಾರಿಪುರ ತಾಲ್ಲೂಕು, 120ನೆಯ ಶಾಸನ ಎಂದು ಅದರ ಅರ್ಥ. ಸುಮಾರು 9,000 ಶಾಸನಗಳನ್ನು ಹೀಗೆ 12 ಸಂಪುಟಗಳಲ್ಲಿ ಜೋಡಿಸಿಟ್ಟವರು ಬೆಂಜಮಿನ್ ಲೂಯಿಸ್ ರೈಸ್. ಈ ಕೆಲಸಕ್ಕೆ ಕೈಹಾಕಿದಾಗ ಅವರ ಉದ್ಯೋಗವೇ ಬೇರೆಯಾಗಿತ್ತು.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದಿ ಬಂದ ರೈಸ್ 1860ರಲ್ಲಿ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು, 1865ರಲ್ಲಿ ಶಾಲಾ ಇನ್‌ಸ್ಪೆಕ್ಟರ್ ಆದರು, ಮುಂದೆ ಶಿಕ್ಷಣ ಇಲಾಖೆಯ ನಿರ್ದೇಶಕರೂ ಆದರು. ಶಾಲೆ ನೋಡಲು ಊರೂರು ತಿರುಗುವುದು ನೌಕರಿಯ ಭಾಗ. ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರೆಹದ ಕಲ್ಲುಗಳು ಕಾಣುತ್ತಿದ್ದುದು ಇದೇ ದಾರಿಗಳಲ್ಲಿ. ಶಾಸನಕ್ಕೆಂದೇ ರಜೆ ಹಾಕಿ ಹೊರಡಬೇಕಾಗಿದ್ದರೆ ಕೆಲಸ ಶುರುವಾಗುತ್ತಿತ್ತೋ ಇಲ್ಲವೋ.

ಮೊದಲ ಫಲ ಬರಲು ವರ್ಷಗಳೇ ಹಿಡಿದವು. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರಲ್ಲಿ ತೆಗೆದಿದ್ದ ಶಾಸನಗಳ ಫೋಟೋಗಳನ್ನು ಓದಿ, ಅನುವಾದಿಸಿ, ರೈಸ್ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪ್ರಕಟಿಸಿದ್ದು 1879ರಲ್ಲಿ. ನಡುವೆ ಮೈಸೂರು ಗೆಜೆಟಿಯರ್ ಬರೆದರು. 1882ರ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾಗಿ ದುಡಿದರು. 1884ರಲ್ಲಿ ‘ಕರ್ಣಾಟಕ ಭಾಷಾಭೂಷಣ’ವನ್ನು ಸಂಪಾದಿಸಿದರು. 1886ರಲ್ಲಿ ಕೊಡಗಿನ ಶಾಸನಗಳ ಮೊದಲ ಸಂಪುಟ, 1889ರಲ್ಲಿ ಶ್ರವಣಬೆಳಗೊಳದ ಎರಡನೆಯದು ಬಂದವು. 1890ರಲ್ಲಿ ಶಿಕ್ಷಣ ಇಲಾಖೆಯನ್ನು ಬಿಟ್ಟು ಪೂರ್ಣಾವಧಿ ಪುರಾತತ್ವ ನಿರ್ದೇಶಕರಾದರು. ಉಳಿದ ಹತ್ತು ಸಂಪುಟಗಳು ಬಂದದ್ದು ಆಮೇಲೆ.

ಲೆಕ್ಕ ನೇರವಾಗಿಯೇ ಇದೆ: ಬಿಡುವಿನ ಇಷ್ಟೆಲ್ಲ ವರ್ಷಗಳಲ್ಲಿ ಎರಡೇ ಸಂಪುಟ. ಆಫೀಸು ಮುಗಿಸಿ ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆರೆಯುವ ನಮಗೆ ಇದು ಸಮಾಧಾನದ ಮಾತಲ್ಲ. ರೈಸರಿಗೆ ಸರ್ಕಾರದ ಬೆಂಬಲವಿತ್ತು, ಪ್ರತಿ ಮಾಡಿಕೊಡುವ, ಓದಿ ಹೇಳುವ ಪಂಡಿತರಿದ್ದರು. ನಮಗೆ ಅವರಿಲ್ಲ. ಆದರೂ ಅವರ ಕ್ರಮದಲ್ಲಿ ನಾವು ತೆಗೆದುಕೊಳ್ಳಬಹುದಾದದ್ದು ಒಂದಿದೆ.

ಅದು ಕೆಲಸವನ್ನು ಹೋಳು ಮಾಡಿದ ರೀತಿ. ರಾಜವಂಶಗಳ ಪ್ರಕಾರ ಜೋಡಿಸಲು ಹೊರಟಿದ್ದರೆ ಕೊನೆಯ ಕಲ್ಲು ಸಿಗುವವರೆಗೂ ಏನೂ ಅಚ್ಚಾಗುತ್ತಿರಲಿಲ್ಲ. ನಾಳೆ ಸಿಗುವ ಒಂದು ಹೊಯ್ಸಳ ಶಾಸನ ಇಡೀ ಜೋಡಣೆಯನ್ನು ಕೆಡಿಸುತ್ತಿತ್ತು. ಜಿಲ್ಲೆ, ತಾಲ್ಲೂಕು ಎಂದು ವಿಂಗಡಿಸಿದಾಗ ಒಂದು ಮುಗಿದರೆ ಮುಗಿದಂತೆ. ಯಾವುದು ಸಿದ್ಧವೋ ಅದು ಮುದ್ರಣಕ್ಕೆ ಹೋಗುತ್ತದೆ. ಕಡೂರು ಜಿಲ್ಲೆಯ ಆರನೆಯ ಸಂಪುಟ 1901ರಲ್ಲೇ ಬಂತು. ಹಾಸನದ ಐದನೆಯದು ಬಂದದ್ದು 1902ರಲ್ಲಿ.

ಹೀಗೆ ಪ್ರಕಟಿಸಿದ್ದು ಎಲ್ಲವೂ ಪೂರ್ಣವಾಗಿರಲಿಲ್ಲ. ರೈಸರ ಶ್ರವಣಬೆಳಗೊಳ ಸಂಪುಟದಲ್ಲಿ ಇದ್ದದ್ದು 144 ಶಾಸನ. ಅವರ ಕೈಕೆಳಗೆ ಕೆಲಸ ಮಾಡಿ, ಅವರ ನಂತರ ಆ ಹುದ್ದೆಗೆ ಬಂದ ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕೃತ ಆವೃತ್ತಿ ತಂದಾಗ ಆ ಸಂಖ್ಯೆ 500 ಆಯಿತು. ರೈಸ್ ಆಗಿನ್ನೂ ಬದುಕಿದ್ದರು, ತೀರಿಕೊಂಡದ್ದು 1927ರಲ್ಲಿ. ಎಲ್ಲ ಶಾಸನಗಳೂ ಸಿಗಲಿ ಎಂದು 144ನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದರೆ, ಪರಿಷ್ಕರಿಸಲು ನರಸಿಂಹಾಚಾರ್ಯರ ಮುಂದೆ ಪುಸ್ತಕವೇ ಇರುತ್ತಿರಲಿಲ್ಲ.